ಚಾಪೆ ಹಾಸಿ ಕೇಳುವ ಹಾಡುಗಳು

ನಮ್ಮೂರಿನಲ್ಲಿ ಸತ್ತವರಿಗೆ ಚಾಪೆ ಹಾಸುವುದು ಮನೆಯವರ ಕೆಲಸ, ತಾಳ ಹಾಕುವುದು ನನ್ನ ಕೆಲಸ, ಹಾಡುವುದು ನನ್ನ ಹೆಂಡತಿ ನೀಲಗಂಗವ್ವನ ಕೆಲಸವಾಗಿತ್ತು. ಊರಿಗೆಲ್ಲ ಅವಳು ನೀಲವ್ವ. ಹೊತ್ತು ಇಳಿಯುವ ವೇಳೆಗೆ ಯಾವುದಾದರೂ ಮನೆಯಿಂದ ಕರೆ ಬರುತ್ತಿತ್ತು. ನಾವಿಬ್ಬರೂ ಹೋಗಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದೆವು. ಅವಳು ಏಕತಾರಿ ಮೀಟಿ ಆ ಮನೆಯ ಸತ್ತವರ ಹಾಡನ್ನು ಎತ್ತಿಕೊಂಡರೆ, ಒಂದೆರಡು ನುಡಿ ಕಳೆಯುವಷ್ಟರಲ್ಲಿ ಅವರು ಬಂದು ಚಾಪೆಯ ಮೇಲೆ ಕೂತಿರುತ್ತಿದ್ದರು. ಮುಂಬಾಗಿಲಿನಿಂದ ಬಂದರೋ ಹಿತ್ತಲಿನಿಂದ ಬಂದರೋ ಎಂದು ಯಾರೂ ನೋಡುತ್ತಿರಲಿಲ್ಲ. ಹಾಡು ಮುಗಿಯುವವರೆಗೆ ಇರುತ್ತಿದ್ದರು, ಆಮೇಲೆ ಇರುತ್ತಿರಲಿಲ್ಲ. ಇದ್ದಷ್ಟು ಹೊತ್ತೂ ಹಾಡಿನಲ್ಲಿ ಇದ್ದುದನ್ನು ಮಾತ್ರ ಮಾಡುತ್ತಿದ್ದರು. ಹಾಡಿನಲ್ಲಿ ಎಲೆ ಅಡಿಕೆ ಇದ್ದರೆ ಹಾಕಿಕೊಳ್ಳುತ್ತಿದ್ದರು, ಬೈಗುಳ ಇದ್ದರೆ ಬೈಯುತ್ತಿದ್ದರು. ಹಾಡು ಕಟ್ಟಿದ ಮೇಲೆ ಹುಟ್ಟಿದ ಮೊಮ್ಮಗನನ್ನು ತಂದು ಎದುರಿಗೆ ನಿಲ್ಲಿಸಿದರೆ, ಅವನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು.

ಹಾಡು ಕಟ್ಟುವುದಕ್ಕೂ ಒಂದು ಪದ್ಧತಿ ಇತ್ತು. ದಿನಕರ್ಮ ಮುಗಿದ ಮೇಲೆ ಓಣಿಯವರೆಲ್ಲ ಆ ಮನೆಗೆ ಬಂದು ಕೂತು, ತೀರಿಕೊಂಡವರ ಬಗ್ಗೆ ತಾವು ಕಂಡ ಒಂದೊಂದು ಸಂಗತಿಯನ್ನು ನೀಲವ್ವನ ಮುಂದೆ ಹೇಳಬೇಕು. ಮನೆಯವರ ಸರದಿ ಕೊನೆಗೆ. ಎಲ್ಲರೂ ಶುರು ಮಾಡುವುದು ಹೊಗಳಿಕೆಯಿಂದಲೇ. ಬಂಗಾರದಂಥ ಮನುಷ್ಯ, ಇರುವೆಗೂ ನೋವು ಮಾಡಿದವರಲ್ಲ ಎಂದು ಮೂಗು ಒರೆಸಿಕೊಳ್ಳುತ್ತಿದ್ದರು. ಬದುಕಿದ್ದಾಗ ಅದೇ ಮನುಷ್ಯನ ಜತೆ ನಲ್ಲಿ ನೀರಿಗೆ ಕೊಡ ಎತ್ತಿ ಜಗಳ ಆಡಿದವರೇ ಇವರು. ನೀಲವ್ವ ಸುಮ್ಮನೆ ಕೇಳಿ, ಕಡೆಗೆ ಒಂದೇ ಮಾತು ಹೇಳುತ್ತಿದ್ದಳು. "ಚಲೋ ಮನಶ್ಯಾ ಅಂದ್ರ ಅದನ್ನ ಎಲ್ಲಿ ಕೂಡಸ್ಲೆಪಾ? ಕಾಲ ಹೆಂಗ ತೊಳಕೋತಿದ್ದ, ಅದನ ಹೇಳ." ಆಮೇಲೆ ಒಬ್ಬೊಬ್ಬರಾಗಿ ನಿಜ ಹೇಳತೊಡಗುತ್ತಿದ್ದರು. ಚಪ್ಪಲಿ ಬಿಡುವಾಗ ಎಡಗಾಲಿನದು ಯಾವಾಗಲೂ ಬೋರಲು ಬೀಳುತ್ತಿತ್ತು, ಮಜ್ಜಿಗೆಯ ಮೇಲೆ ತೇಲುವ ಕರಿಬೇವನ್ನು ಬೆರಳಿನಿಂದ ಎತ್ತಿ ತಾಟಿನ ಅಂಚಿಗೆ ಅಂಟಿಸುತ್ತಿದ್ದರು, ಇಂಥವು. ಅಷ್ಟನ್ನೇ ಅವಳು ಹಾಡಿಗೆ ತರುತ್ತಿದ್ದಳು. ನಮ್ಮ ಕಡೆಯ ಹಾಡುಗಳು ಉದ್ದ. ಒಬ್ಬರ ಹಾಡು ಮುಗಿಯುವುದರೊಳಗೆ ನನ್ನ ಕಾಲು ಜೋಮು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿತ್ತು.

ಹಾಡು ಕಟ್ಟಿದವರ ಗಂಟಲಿಗೆ ಮಾತ್ರ ಸತ್ತವರು ಓಗೊಡುತ್ತಾರೆ. ಬೇರೆ ಯಾರು ಹಾಡಿದರೂ ಅದು ಬರೀ ಹಾಡು. ಇದು ಊರಿಗೆ ಸರಿಯಾಗಿ ಗೊತ್ತಾಗಿದ್ದು ದುಂಡವ್ವ ಆಯಿ ತೀರಿಕೊಂಡಾಗ. ನೀಲವ್ವನಿಗೆ ಹಾಡು ಕಲಿಸಿದ ಮುದುಕಿ ಆಕೆ. ಆಕೆ ಹೋದ ಮೇಲೆ ಆಕೆ ಕಟ್ಟಿದ ಹಾಡಿನವರೆಲ್ಲ ಬರುವುದನ್ನು ನಿಲ್ಲಿಸಿದರು. ನನ್ನ ಅಪ್ಪ ಅವ್ವ ಅದರಲ್ಲಿದ್ದರು. ಊರಿನ ಅರ್ಧ ಮನೆಗಳಲ್ಲಿ ಚಾಪೆ ಸುತ್ತಿ ಅಟ್ಟದ ಮೇಲೆ ಇಟ್ಟರು. ದುಂಡವ್ವ ಆಯಿಯ ಹಾಡನ್ನಾದರೂ ನೀಲವ್ವ ಕಟ್ಟಿದಳು. ನೀಲವ್ವನಿಗೆ ಶಿಷ್ಯರು ಅಂತ ಯಾರೂ ನಿಲ್ಲಲಿಲ್ಲ. ಒಂದಿಬ್ಬರು ಹುಡುಗಿಯರು ಬಂದರು. ಸತ್ತವರ ಮುಖಕ್ಕೆ ಮುಖ ಕೊಟ್ಟು ಹಾಡುವಾಗ ಅಳು ಬಂದರೂ ಧ್ವನಿ ಒಡೆಯಬಾರದು ಎಂದಾಗ, ತಮ್ಮಿಂದ ಆಗದು ಎಂದು ಹೊಲಿಗೆ ಕಲಿಯಲು ಹೋದರು. ಅವರದು ತಪ್ಪು ಎಂದು ನಾನು ಹೇಳಲಾರೆ.

ಹೋದ ವರ್ಷ ಜೋಳದ ರಾಶಿ ನಡೆದಿದ್ದಾಗ ಅವಳ ಧ್ವನಿ ಕೆಟ್ಟಿತು. ಶುಂಠಿ ಕಷಾಯ, ಜೇಷ್ಠಮಧು, ಟೇಲರ್ ಮಾಬುಸಾಬ ತಂದುಕೊಟ್ಟ ಯಾವುದೋ ಬೇರು, ಯಾವುದೂ ಹತ್ತಲಿಲ್ಲ. ಶಹರದ ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ ನೋಡಿ, ಗಂಟು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ತೆಗೆದ ಮೇಲೆ ಮಾತು ಇಲ್ಲ. ತೆಗೆದರೂ ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ನೀಲವ್ವ ಕಿಟಕಿಯ ಹೊರಗೆ ನೋಡುತ್ತ, ಇಷ್ಟು ಮಂದಿಯನ್ನು ನಾನು ಎಲ್ಲಿ ಬಿಟ್ಟು ಹೋಗಲಿ ಎಂದು ಕೇಳಿದಳು. ಇಷ್ಟು ಮಂದಿ ಅಂದರೆ ಸತ್ತವರು. ನನಗೆ ಸಿಟ್ಟು ಬಂತು. ಗಂಟಲು ಇವಳದು, ಚಿಂತೆ ಹೆಣಗಳದು. ಬದುಕಿರುವ ಒಬ್ಬ ಪಕ್ಕದ ಸೀಟಿನಲ್ಲಿ ಕೂತಿದ್ದಾನೆ ಎನ್ನುವುದು ಇವಳ ಲೆಕ್ಕಕ್ಕೇ ಇರಲಿಲ್ಲ.

ಆಲ್ಬಂ ಮಾಡುವ ಯೋಚನೆ ಹೊಳೆದದ್ದು ಮಾಬುಸಾಬನಿಗೆ. ಅವನ ತಾಯಿಯ ಹಾಡಿನ ಎರಡು ನುಡಿಯನ್ನು ನೀಲವ್ವನ ಕೈಯಲ್ಲಿ ಹಾಡಿಸಿ ಫೋನಿನಲ್ಲಿ ತುಂಬಿಕೊಂಡು, ಮನೆಗೆ ಹೋಗಿ ಚಾಪೆ ಹಾಸಿ ಹಚ್ಚಿದನಂತೆ. ಮುದುಕಿ ಬಂದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು, ಉಂಡೆಯೇನೋ ಎಂದು ಕೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಎರಡು ನುಡಿ ಮುಗಿಯಿತು. ಮಾಬುಸಾಬ ಅಂಗಡಿ ತೆರೆದಿಟ್ಟೇ ನಮ್ಮ ಮನೆಗೆ ಓಡಿ ಬಂದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಧ್ವನಿ ಹೋದರೂ ಪರವಾಗಿಲ್ಲ, ತುಂಬಿಟ್ಟುಕೊಂಡರೆ ಸತ್ತವರು ಬರುತ್ತಾರೆ. ಶಹರದಲ್ಲಿ ಒಂದು ಸ್ಟುಡಿಯೊ ಗೊತ್ತು ಮಾಡಿದರು. ಆಲ್ಬಂಗೆ 'ಬಂದ ಕೂಡ್ರಿ' ಎಂದು ಹೆಸರಿಟ್ಟವನೂ ಮಾಬುಸಾಬನೇ. ಆಪರೇಶನ್ನಿಗೆ ಮುಂಚೆ ಎಲ್ಲ ಮುಗಿಯಬೇಕಿತ್ತು.

ಆದರೆ ಅವಳ ಗಂಟಲು ದಿನಕ್ಕೆ ಒಂದು ಸಣ್ಣ ಹಾಡಿನಷ್ಟು ಮಾತ್ರ ತಡೆದುಕೊಳ್ಳುತ್ತಿತ್ತು. ಅರ್ಧ ಸಂಜೆ ಹಿಡಿಯುವ ಹಾಡುಗಳನ್ನು ಒಂದು ಹಿಡಿಯಷ್ಟಕ್ಕೆ ಇಳಿಸಬೇಕಾಯಿತು. ಎಲ್ಲರನ್ನೂ ತುಂಬುವುದು ಆಗದ ಮಾತು. ಚಾಪೆ ಹಾಸುವವರು ಇನ್ನೂ ಇರುವ ಮನೆಗಳಿಗೆ ಮೊದಲು ಎಂದು ನೀಲವ್ವ ಹೇಳಿದಳು. ಆ ಮನೆಗಳವರನ್ನು ಒಬ್ಬೊಬ್ಬರಾಗಿ ಕರೆಸಿ, ನಿಮ್ಮವರದು ಏನು ಉಳಿಸಲಿ ಎಂದು ಕೇಳಿದಳು. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಗಂಡಸರು ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತು, ತಾಯಿಯ ನಗು ಉಳಿಸಲೋ ನಡಿಗೆ ಉಳಿಸಲೋ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಗಾಣಿಗೇರ ರುದ್ರಪ್ಪ, ಭೀಮಪ್ಪ ಅಣ್ಣತಮ್ಮಂದಿರು. ಅಪ್ಪನ ವಿಷಯದಲ್ಲಿ ಅವರಿಗೆ ಒಂದು ಮಾತೂ ಕೂಡಿಬರುವುದಿಲ್ಲ. ಅಪ್ಪ ಕುಸ್ತಿಯಲ್ಲಿ ಗೆದ್ದು ಬಂದದ್ದು ಬೇಕು ಎಂದು ರುದ್ರಪ್ಪ, ಅದು ಸುಳ್ಳು, ಸೋತು ಬಂದಿದ್ದ ಎಂದು ಭೀಮಪ್ಪ. ಅಪ್ಪ ತನ್ನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು ಬೇಕು ಎಂದು ಭೀಮಪ್ಪ ಅಂದರೆ, ಹೊತ್ತದ್ದು ನಾನು ಎಂದು ರುದ್ರಪ್ಪ. ಕಡೆಗೆ ಇಬ್ಬರೂ ಒಪ್ಪಿದ್ದು ಒಂದೇ ಸಂಗತಿ. ಅಪ್ಪ ಅಂಗಳದ ಬಿಸಿಲಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ, ಒಂದು ಕಾಳು ಬುಟ್ಟಿಗೆ, ಒಂದು ಕಾಳು ಬಾಯಿಗೆ. ಅದನ್ನೇ ಉಳಿಸಿದೆವು. ಹೊಲ, ಎತ್ತು, ಕುಸ್ತಿ, ಎರಡನೆಯ ಮದುವೆ, ಎಲ್ಲ ಹೋಗಿ ಆ ದೊಡ್ಡ ಮನುಷ್ಯ ಇನ್ನು ಶೇಂಗಾ ಸುಲಿಯಲು ಮಾತ್ರ ಬರುತ್ತಾನೆ.

ಕೊನೆಯ ಮನೆಯ ಯಂಕವ್ವ ಮಾತ್ರ ತಡವರಿಸಲಿಲ್ಲ. ಗಂಡನ ಕೆಮ್ಮು ಬೇಕು ಎಂದಳು. ನಾನು ನಕ್ಕುಬಿಟ್ಟೆ. ಅವಳ ಗಂಡ ಕೆಮ್ಮಿ ಕೆಮ್ಮಿಯೇ ಸತ್ತವನು, ಓಣಿಗೆಲ್ಲ ನಿದ್ದೆ ಇರಲಿಲ್ಲ. ಯಂಕವ್ವ ನನ್ನ ಕಡೆ ತಿರುಗಿಯೂ ನೋಡದೆ ನೀಲವ್ವನಿಗೆ ಹೇಳಿದಳು. "ಉಳದದ್ದೆಲ್ಲಾ ಬಿಟ್ರೂ ನಡೀತೈತಿ ನೀಲವ್ವ. ಕೆಮ್ಮ ಕೇಳಿದ್ರ, ಹಾಂ, ಮನ್ಯಾಗ ಅದಾರ ಅಂತ ನನಗ ನಿದ್ದಿ ಹತ್ತತಿತ್ತು." ನೀಲವ್ವ ಅವಳ ಕೈ ಹಿಡಿದುಕೊಂಡಳು. ನನ್ನ ನಗು ಅಲ್ಲಿಗೇ ನಿಂತಿತು.

ಇಷ್ಟೆಲ್ಲ ನಡೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಆಲ್ಬಂನ ಕೊನೆಯ ಹಾಡು ನೀಲವ್ವನದೇ ಆಗಬೇಕು. ಬದುಕಿದ್ದವರ ಹಾಡು ಕಟ್ಟುವ ಪದ್ಧತಿ ಇಲ್ಲ, ನಿಜ. ಆದರೆ ಅವಳು ಹೋದ ಮೇಲೆ ಅವಳ ಹಾಡು ಕಟ್ಟುವವರು ಯಾರಿದ್ದಾರೆ? ಊರಿನ ಹೆಣಗಳನ್ನೆಲ್ಲ ಕರೆದು ಕೂರಿಸಿದವಳು ತಾನೊಬ್ಬಳೇ ಬಾರದಂತೆ ಹೋಗುವುದು ಯಾವ ನ್ಯಾಯ? ನಮಗೆ ಮಕ್ಕಳಿಲ್ಲ. ಅವಳು ಇಲ್ಲದ ಮನೆಯಲ್ಲಿ ನಾನು ತಾಳ ಹಿಡಿದುಕೊಂಡು ಏನು ಮಾಡಲಿ? ಹೀಗೆಲ್ಲ ಬಾಯಿ ಬಿಟ್ಟು ಹೇಳುವವನಲ್ಲ ನಾನು. ಕೊನೆಯ ಜಾಗ ನಿನ್ನ ಹಾಡಿಗೆ, ಯಾರಿಗೂ ಕೊಡಬೇಡ ಎಂದಷ್ಟೇ ಅಂದೆ. ಬಡಿಗೇರ ಮೌನೇಶ ತನ್ನ ಅಣ್ಣನಿಗಾಗಿ ಅದೇ ಜಾಗ ಕೇಳಿಕೊಂಡು ಬಂದಾಗ, ಹಾಡು ಭರ್ತಿ ಆಯಿತು ಎಂದು ನಾನೇ ಕಳಿಸಿಬಿಟ್ಟೆ. ಅವನು ಅಂಗಳ ದಾಟುವವರೆಗೆ ನೀಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಅವತ್ತು ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತಿದ್ದೆ. ಆಗಲೇ ಅವಳ ಮಾತು ಮಾತಲ್ಲ, ಒಣ ಎಲೆ ಸರಿದಾಡಿದಂತೆ ಕೇಳುತ್ತಿತ್ತು.

"ನನ್ನ ಹಾಡ ಕಟ್ಟಂತೀರಿ. ನಾ ಹೆಂಗದೀನಿ, ಹೇಳ್ರಿ," ಅಂದಳು.

"ನಿನಗ ಗೊತ್ತಿಲ್ಲನು?"

"ನನ್ನ ನಾ ಎಲ್ಲಿ ನೋಡೀನ್ರಿ? ಜೀವಮಾನೆಲ್ಲಾ ಮಂದಿ ಮಾರಿ ನೋಡೀನಿ. ನೋಡಿದ್ದನ್ನ ಹಾಡ್ತೀನಿ. ನೀವು ನನ್ನ ನೋಡೀರಿ. ಒಂದ ಹೇಳ್ರಿ ಸಾಕು."

ನಾನು ಬಾಯಿ ತೆರೆದೆ. ನೀನು ಭಾಳ ಚಲೋ ಅದೀ ಎಂದುಬಿಟ್ಟೆ. ಅವಳು ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. ಅದನ್ನು ಎಲ್ಲಿ ಕೂರಿಸಲಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದು ಎದೆಯವರೆಗೆ ತುಂಬಿತ್ತು. ಆದರೆ ನಮ್ಮೂರಿನಲ್ಲಿ ಹಾಗೆ ಕೂತು ಹೇಳುವುದು ಸತ್ತವರ ಬಗ್ಗೆ. ಹಿಟ್ಟಿನ ಕೈಯಲ್ಲಿ ಎದುರಿಗೆ ಕೂತವಳ ಬಗ್ಗೆ, ನೀನು ಹೀಗೆ ಮಾಡುತ್ತಿದ್ದೆ, ಹೀಗೆ ಕೂರುತ್ತಿದ್ದೆ ಎಂದು ಶುರು ಮಾಡಿದರೆ, ಅವಳನ್ನು ನಾನೇ ಚಾಪೆಯ ಮೇಲೆ ಕೂರಿಸಿದ ಹಾಗೆ. ದನಕ್ಕೆ ಮೇವು ಹಾಕಬೇಕು ಎಂದು ಎದ್ದು ಹೊರಗೆ ಹೋದೆ. ದನ ಮಾರಿ ಎಷ್ಟೋ ವರ್ಷ ಆಗಿತ್ತು. ಅವಳು ಕರೆಯಲಿಲ್ಲ. ಆಮೇಲೂ ಒಂದೆರಡು ಸಲ ಕೇಳಿದಳು, ನಾಳೆ ಹೇಳುತ್ತೇನೆ ಎಂದೆ. ನಾಳೆ ಎನ್ನುವುದು ನಮ್ಮ ಮನೆಯಲ್ಲಿ ಕಡಿಮೆಯಾಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸ್ಟುಡಿಯೊ ಅಂದರೆ ಒಂದು ಸಣ್ಣ ಕೋಣೆ. ಗೋಡೆಗೆಲ್ಲ ಸ್ಪಂಜಿನ ಹಾಸಿಗೆ ಅಂಟಿಸಿದ್ದರು. ಗಾಜಿನ ಆಚೆ ಒಬ್ಬ ಮೇಡಂ ಕಿವಿಗೆ ಹಾಕಿಕೊಂಡು ಕೂತಿದ್ದರು, ಒಳ್ಳೆಯ ಹೆಣ್ಣುಮಗಳು. ಮೊದಲ ದಿನ ನೀಲವ್ವ ಏಕತಾರಿ ಮೀಟಿ ಮಾಬುಸಾಬನ ತಾಯಿಯ ಹಾಡು ಎತ್ತಿದಳು. ಒಂದು ನುಡಿ ಆಯಿತು, ಎರಡು ಆಯಿತು. ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು, ಮತ್ತೆ ನಿಲ್ಲಿಸಿದಳು. ಗಂಟಲಿಗೆ ತೊಂದರೆ ಆಯಿತೇನೋ ಎಂದು ಮೇಡಂ ನೀರು ಕಳಿಸಿದರು. ನೀಲವ್ವ ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದಳು. "ಯಾರೂ ಬರವೊಲ್ರಲ್ರೀ ಇಲ್ಲೆ. ಯಾರ ಮಾರಿ ನೋಡಿ ಹಾಡ್ಲಿ?" ನನಗೂ ಆಗಲೇ ಹೊಳೆದದ್ದು, ಊರಿನ ಆಚೆ ಅವರು ಬರುವುದಿಲ್ಲ ಎಂದು. ಆ ಸ್ಪಂಜಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಮಾರಿ ನೋಡಿ ಹಾಡು ಎಂದೆ. ಬೇರೆ ದಾರಿ ಇರಲಿಲ್ಲ, ಹಾಗೇ ಹಾಡಿದಳು. ಅಲ್ಲಿಂದ ಮುಂದೆ ಪ್ರತಿಯೊಂದು ಹಾಡನ್ನೂ ನನ್ನ ಮುಖ ನೋಡುತ್ತಲೇ ಹಾಡಿದಳು. ನಾನು ಒಂದು ದಿನ ಮಾಬುಸಾಬನ ತಾಯಿ, ಒಂದು ದಿನ ಗಾಣಿಗೇರ ಮುದುಕ, ಒಂದು ದಿನ ಯಂಕವ್ವನ ಗಂಡ ಆದೆ. ಸತ್ತವನ ಜಾಗದಲ್ಲಿ ಕೂತು ಅವಳ ಕಣ್ಣು ನೋಡಿದರೆ ಹೇಗಿರುತ್ತದೆ ಎಂದು ನಾನು ಬಲ್ಲೆ.

ಕೊನೆಯ ದಿನ ಅವಳ ಧ್ವನಿಯಲ್ಲಿ ಉಳಿದದ್ದು ದಾರದಷ್ಟು. ಕೋಣೆಯ ಬಾಗಿಲಲ್ಲಿ ನಿಂತು, ಇದಕ್ಕೆ ತಾಳ ಬೇಡ, ಹಿಮ್ಮೇಳವೂ ಬೇಡ, ಹೊರಗೆ ಹೋಗಿ ಚಹಾ ಕುಡಿದು ಬರ್ರಿ ಎಂದು ಸನ್ನೆ ಮಾಡಿದಳು. ನನಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕುಣಿದಾಡುವಷ್ಟು ಖುಷಿಯಾಯಿತು. ಅವಳ ಹಾಡು ಅವಳೇ ಹಾಡಿಕೊಳ್ಳುವಾಗ ನಾನು ಎದುರಿಗೆ ಕೂತಿರಬಾರದು ಎಂದು ತಿಳಿದೆ. ರಸ್ತೆಯಾಚೆ ಚಹಾದಂಗಡಿಯಲ್ಲಿ ಕೂತು, ಒಂದು ಕಪ್ಪಿಗೆ ಎರಡು ಕಪ್ಪು ಕುಡಿದು, ಅಲ್ಲಿದ್ದ ಅಪರಿಚಿತನಿಗೂ ಒಂದು ಕೊಡಿಸಿದೆ. ಒಳಗೆ ಬಂದಾಗ ಮೇಡಂ ಕಣ್ಣು ಕೆಂಪಾಗಿತ್ತು. ನೀಲವ್ವ ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಏನು ಹಾಡಿದೆ ಎಂದು ಕೇಳಿದೆ. "ನಾ ಹೋದ ಹಿಂದ ಕೇಳ್ರಿ," ಅಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಮರುದಿನ ಧ್ವನಿ ಏಳಲಿಲ್ಲ, ವಾರದೊಳಗೆ ಆಪರೇಶನ್ ಆಯಿತು.

ಆಲ್ಬಂ ಬಿಡುಗಡೆಯನ್ನು ನಮ್ಮೂರಿನ ಹಳೆಯ ಹತ್ತಿ ಮಿಲ್ಲಿನ ಅಂಗಳದಲ್ಲಿ ಮಾಡಿದರು. ಪೆಂಡಾಲು, ಹಾರ, ಹೆಡ್‌ಮಾಸ್ತರರ ಭಾಷಣ, ಎಲ್ಲ ಇತ್ತು. ಕೊರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು ನೀಲವ್ವ ವೇದಿಕೆಯ ಮೇಲೆ ಕೂತಿದ್ದಳು. ಎಲ್ಲರೂ ಮನೆಯಿಂದ ತಮ್ಮ ತಮ್ಮ ಚಾಪೆ ತಂದಿದ್ದರು. ಸ್ಪೀಕರಿನಲ್ಲಿ ಒಂದೊಂದೇ ಹಾಡು ಹಚ್ಚಿದರು, ಕೊನೆಯದೊಂದನ್ನು ಬಿಟ್ಟು. ಅದು ನಮ್ಮ ಮನೆಯ ಪ್ರತಿಯಲ್ಲಿ ಮಾತ್ರ ಇತ್ತು, ಅವಳಿರುವವರೆಗೆ ಹಚ್ಚುವಂತಿರಲಿಲ್ಲ. ಮಾಬುಸಾಬನ ತಾಯಿ ಬಂದು, ಉಂಡೆಯೇನೋ ಎಂದು ಪೂರ್ತಿ ಕೇಳಿದಳು. ಉಂಡೆ ಎಂದು ಅವನು ಹೇಳುವಷ್ಟು ಜಾಗ ಹಾಡಿನಲ್ಲಿ ಇರಲಿಲ್ಲ. ಗಾಣಿಗೇರ ಮುದುಕ ಶೇಂಗಾ ಸುಲಿದ. ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು, ಎಷ್ಟೋ ವರ್ಷಕ್ಕೆ ಒಂದೇ ಕಡೆ ನೋಡಿದರು. ಯಂಕವ್ವನ ಗಂಡ ಕೆಮ್ಮಿದಾಗ ಯಂಕವ್ವ ಅಲ್ಲೇ, ಅಷ್ಟು ಜನರ ನಡುವೆ, ಕೂತಲ್ಲೇ ತೂಕಡಿಸಿದಳು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಆಮೇಲೆ ಊರು ಬದಲಾಯಿತು. ಮೊದಲು ಹಾಡು ಅಂದರೆ ಕರೆಯಬೇಕು, ಕಾಯಬೇಕು, ಕಸ ಗುಡಿಸಿ ಚಾಪೆ ಹಾಸಬೇಕು. ಈಗ ಒಂದು ಬೆರಳು ಸಾಕು. ಬೆಳಿಗ್ಗೆ ಹಲ್ಲು ಉಜ್ಜುತ್ತ ಹಚ್ಚುತ್ತಿದ್ದರು, ರೊಟ್ಟಿ ಮಾಡುತ್ತ ಹಚ್ಚುತ್ತಿದ್ದರು. ಸೊಸೆಯಂದಿರು ಕಸ ಗುಡಿಸುವಾಗ ಸತ್ತ ಅತ್ತೆಯ ಸುತ್ತ ಬಳಸಿ ಗುಡಿಸಿ, ಉಳಿದದ್ದು ಹಾಡು ಮುಗಿದ ಮೇಲೆ ಎಂದು ಬಿಡುತ್ತಿದ್ದರು. ಮಾಬುಸಾಬನ ತಾಯಿ ದಿನವೆಲ್ಲ ಹೊಸ್ತಿಲಿಗೆ ಬಂದು ಉಂಡೆಯೇನೋ ಎಂದು ಕೇಳುತ್ತಿದ್ದಳು, ಅವನು ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ತಲೆ ಎತ್ತದೆ, ಹೂಂ ಎನ್ನುತ್ತಿದ್ದ. ಹಾಡನ್ನು ಯಾರೂ ಕೇಳುತ್ತಿರಲಿಲ್ಲ. ನೀಲವ್ವ ಓಣಿಯಲ್ಲಿ ನಡೆದು ಹೋಗುವಾಗ ಎಡಗಡೆ ಮನೆಯಿಂದ, ಬಲಗಡೆ ಮನೆಯಿಂದ ಅವಳದೇ ಧ್ವನಿ ಬರುತ್ತಿತ್ತು. ಅವಳು ಕೊರಳ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು, ಎಲ್ಲೂ ನಿಲ್ಲದೆ ಮನೆಗೆ ಬರುತ್ತಿದ್ದಳು. ನನಗೆ ಆ ಓಣಿಗೇ ಬೆಂಕಿ ಇಡಬೇಕು ಅನ್ನಿಸುತ್ತಿತ್ತು.

ಶೀಗೀ ಹುಣ್ಣಿಮೆಯ ಹೊತ್ತಿಗೆ ಅವಳು ತೀರಿಕೊಂಡಳು. ಕೊನೆಯ ದಿನಗಳಲ್ಲಿ ಗಂಜಿ ಕೂಡ ಇಳಿಯುತ್ತಿರಲಿಲ್ಲ. ನನ್ನ ಕೈ ಹಿಡಿದು ಬೆರಳಿನಿಂದ ಅಂಗೈಯಲ್ಲಿ ತಾಳ ಹಾಕುತ್ತಿದ್ದಳು, ನಾನೂ ಅವಳ ಅಂಗೈಯಲ್ಲಿ ಹಾಕುತ್ತಿದ್ದೆ. ನಮ್ಮ ಮಾತು ಅಷ್ಟೇ ಉಳಿದಿತ್ತು. ಅವತ್ತು ಮಧ್ಯಾಹ್ನ ಅವಳ ಬೆರಳು ನಿಂತಿತು. ನನ್ನದು ಇನ್ನೂ ಸ್ವಲ್ಪ ಹೊತ್ತು ನಡೆದೇ ಇತ್ತು.

ದಿನಕರ್ಮ ಮುಗಿದ ಸಂಜೆ ನಾನು ಮನೆ ಸಾರಿಸಿದೆ. ಅವಳು ಕೂರುತ್ತಿದ್ದ ಕಡೆ ಚಾಪೆ ಹಾಸಿದೆ, ಇದ್ದುದರಲ್ಲಿ ಹೊಸದು. ಬಾಗಿಲು ಮುಂದೆ ಮಾಡಿ, ಹಾಡಿನ ಮಷೀನಿನಲ್ಲಿ ಆಲ್ಬಂನ ಕೊನೆಯ ಹಾಡನ್ನು ಹಚ್ಚಿದೆ. ಧ್ವನಿ ತೀರ ಸಣ್ಣದು. ನಾನು ಚಾಪೆಯ ಮೇಲೆ ಕಣ್ಣಿಟ್ಟು ಕೂತೆ. "ಚಹಾಕ ಸಕ್ಕರಿ ಹೆಚ್ಚ, ಮಾತಿಗಿ ಉಪ್ಪ ಕಡಿಮಿ, ಹೇಳಂದ್ರ ಎದ್ದು ಹೊರಗ್ಹೋದ ನನ ರಾಯ, ಇಲ್ಲದ ದನಕ ಮೇವ್ಹಾಕಿದ." ಮೊದಲ ನುಡಿಗೇ ತಿಳಿದುಹೋಯಿತು. ಅದು ಅವಳ ಹಾಡಲ್ಲ, ನನ್ನದು. ಆ ಹಾಡಿನವನು, ಗುರುತಿನವರು ಒಳಗೆ ಬಂದರೆ, ತಾಳ ತಪ್ಪಿಸುತ್ತಾನೆ. ಮಂದಿಯ ಹಾಡಿಗೆ ಅತ್ತು, ಬೆವರು ಎಂದು ಹೇಳಿ ಮುಖ ಒರೆಸಿಕೊಳ್ಳುತ್ತಾನೆ. ಉಣ್ಣುವಾಗ ಮೊದಲ ತುತ್ತು ಬಾಯಿಗೆ ಹಾಕಿ, ಚಲೋ ಆಗಿದೆಯೋ ಇಲ್ಲವೋ ಹೇಳದೆ, ಎರಡನೆಯ ರೊಟ್ಟಿ ಕೇಳುತ್ತಾನೆ. ಒಂದೊಂದನ್ನೂ ಹೆಕ್ಕಿ ಇಟ್ಟಿದ್ದಳು. ಎಲ್ಲರ ಹಾಡನ್ನೂ ನನ್ನ ಮುಖ ನೋಡಿ ಹಾಡಿದವಳು, ಆ ಮುಖವೊಂದನ್ನು ಮಾತ್ರ ನಾನಿಲ್ಲದಾಗ ಹಾಡಿದ್ದಳು. ಹಾಡು ಮುಗಿಯಿತು. ಚಾಪೆಯ ಮೇಲೆ ಯಾರೂ ಇರಲಿಲ್ಲ. ಯಾರಿರುತ್ತಾರೆ? ಆ ಹಾಡಿನವನು ಇನ್ನೂ ಸತ್ತಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರು ಕೇಳಿದ್ದರು ನನ್ನ ಹಾಡು? ನಾನು ಸತ್ತರೆ ನನಗೆ ಚಾಪೆ ಹಾಸುವವರು ಯಾರು? ಅಷ್ಟಾಗಿಯೂ ಯಾರೋ ಹಚ್ಚಿದರೆ, ನಾನು ಬಂದು ಕೂತು ಎಡಕ್ಕೆ ತಿರುಗಿದರೆ ಅಲ್ಲಿ ಇವಳು ಇರುತ್ತಾಳೆಯೇ? ಮೌನೇಶನ ಅಣ್ಣ ಬರಬಹುದಾಗಿದ್ದ ಜಾಗ ಅದು. ಮಷೀನನ್ನು ಎತ್ತಿ ಗೋಡೆಗೆ ಬಡಿಯಲು ಕೈ ಎತ್ತಿದೆ. ಒಳಗೆ ಅವಳ ಧ್ವನಿ ಇದೆ ಎಂದು ಕೆಳಗಿಟ್ಟೆ. ನೋಡಿದ್ದನ್ನು ಹಾಡುತ್ತೇನೆ ಅಂದಿದ್ದಳು. ತನ್ನನ್ನು ನೋಡಿರಲಿಲ್ಲ, ನನ್ನನ್ನು ನೋಡಿದ್ದಳು. ತನ್ನ ಬಗ್ಗೆ ಒಂದು ಹೇಳ್ರಿ ಸಾಕು ಎಂದು ಕೇಳಿದಳು, ನಾನು ಕೊಡಲಿಲ್ಲ. ಉಳಿದ ದಾರದಷ್ಟು ಧ್ವನಿಯನ್ನು ಅವಳು ತನ್ನಲ್ಲಿದ್ದುದಕ್ಕೆ ಖರ್ಚು ಮಾಡಿದಳು. ನಾನು ಆ ಹೊಸ ಚಾಪೆಯ ಮೇಲೆ ಮುಖ ಅಡಿ ಮಾಡಿ ಬಿದ್ದುಕೊಂಡು ಅತ್ತೆ. ಈ ಸಲ ಬೆವರು ಎಂದು ಹೇಳುವ ಅಗತ್ಯ ಇರಲಿಲ್ಲ.

ಮರುದಿನ ಬಾಗಿಲು ತೆರೆದರೆ ಓಣಿಯವರೆಲ್ಲ ಬಂದಿದ್ದರು. ದಿನಕರ್ಮ ಮುಗಿದ ಮೇಲೆ ಬಂದು ಕೂತು ಹೇಳುವುದು ರೂಢಿ. ಹಾಡು ಕಟ್ಟುವವಳೇ ಇಲ್ಲವಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಯ ಗುಂಟ ಕೂತರು. ಮೌನೇಶ ಕೂಡ ಬಂದಿದ್ದ. ನಡುವೆ ಚಾಪೆ ಹಾಸಿಯೇ ಇತ್ತು. ಯಾರೂ ಅದನ್ನು ತುಳಿಯಲಿಲ್ಲ.

ಮೊದಲು ಯಂಕವ್ವ ಹೇಳಿದಳು. ನೀಲವ್ವ ಯಾರ ಮನೆಯಲ್ಲಿ ನೀರು ಕುಡಿದರೂ ಕೊನೆಯ ಗುಟುಕನ್ನು ಆ ಮನೆಯ ತುಳಸಿಗೋ ಬಾಳೆಗೋ ಹಾಕಿ ತಂಬಿಗೆ ಕೊಡುತ್ತಿದ್ದಳಂತೆ. ಮಾಬುಸಾಬ, ರವಿಕೆಯ ಅಳತೆ ಕೊಡಲು ಬಂದರೆ ಪ್ರತಿ ಸಲ ತೋಳು ಒಂದು ಬೆರಳು ಉದ್ದ ಇರಲಿ ಎನ್ನುತ್ತಿದ್ದಳು, ಹೊಲಿದು ಕೊಟ್ಟರೆ ಉದ್ದ ಆಯಿತು ಎನ್ನುತ್ತಿದ್ದಳು ಎಂದ. ಭೀಮಪ್ಪ ಒಂದು ಹೇಳಿದ, ಅದು ಹಾಗಲ್ಲ ಎಂದು ರುದ್ರಪ್ಪ ಇನ್ನೊಂದು ಹೇಳಿದ. ಮೌನೇಶ, ಆಲ್ಬಂ ಆದ ಮೇಲೆ ಅವಳು ತನ್ನ ಅಂಗಡಿಗೆ ಬಂದು, ಮಾತಿಲ್ಲದೆ, ಅಣ್ಣ ಕೂರುತ್ತಿದ್ದ ದಿಮ್ಮಿಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು ಎಂದ. ಅದು ನನಗೆ ಗೊತ್ತಿರಲಿಲ್ಲ. ಯಾರೂ ಅವಳನ್ನು ಬಂಗಾರದಂಥವಳು ಎನ್ನಲಿಲ್ಲ. ಕಲಿಸಿ ಹೋಗಿದ್ದಳು.

ಎಲ್ಲರದೂ ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು. ಮನೆಯವರ ಸರದಿ ಕೊನೆಗೆ. ಎದ್ದು ಹೊರಗೆ ಹೋಗಬೇಕು ಅನ್ನಿಸಿತು, ಬಾಗಿಲಲ್ಲಿ ಜನ ಕೂತಿದ್ದರು. ನಾನು ಚಾಪೆಯ ಕಡೆ ತಿರುಗಿ, ರಾಗವಿಲ್ಲದೆ, ತಾಳವಿಲ್ಲದೆ ಹೇಳಿದೆ.

"ಮುಂಜಾನೆ ಎದ್ದು ಮದಲ ಬಾಗಲಾ ತಗದು ಹೊರಗ ನೋಡತಿದ್ಲು. ಯಾರೂ ಇಲ್ಲಂದ್ರ ಸಣ್ಣಗ ಒಂದ ಶಿಳ್ಳಿ ಹೊಡಿತಿದ್ಲು. ಹೆಣ್ಣಮಗಳು ಶಿಳ್ಳಿ ಹೊಡದ್ರ ಮಂದಿ ಏನಂದಾರು ಅಂತ, ನನಗೂ ಗೊತ್ತಾಗಬಾರದು ಅಂತ ಮಾಡಿದ್ಲು. ನಾ ಕೌದಿಯೊಳಗ ಕಣ್ಣ ಮುಚ್ಚಿ ದಿನಾ ಕೇಳತಿದ್ದೆ. ಆಪರೇಶನ್ ಆದ ಮ್ಯಾಲೂ ಬಾಗಲಾ ತಗದು ತುಟಿ ಮುಂದ ಮಾಡಿ ನಿಂದರತಿದ್ಲು. ಸಪ್ಪಳ ಬರತಿರಲಿಲ್ಲ. ನಾ ಆಗೂ ಕಣ್ಣ ಮುಚ್ಚಿಕೊಂಡೇ ಇರತಿದ್ದೆ."

ಅವಳು ಬರಲಿಲ್ಲ. ಯಾರೂ ಏಳಲಿಲ್ಲ. ನಾನು ಇನ್ನೊಂದನ್ನು ಹೇಳತೊಡಗಿದೆ.